ಮೀಥೇನ್ ನಿಯಂತ್ರಣ: ಭಾರತದ ಪ್ರಯತ್ನಗಳು ಮತ್ತು ಕರ್ನಾಟಕದ ಅನುಭವ

ಪೀಠಿಕೆ

ವಾಯುಗುಣ ಬದಲಾವಣೆಯನ್ನು ಕುರಿತ ಚರ್ಚೆಗಳಲ್ಲಿ ಇಂಗಾಲದ ಡೈಆಕ್ಸೈಡಿಗೆ ದೊರೆತಷ್ಟು ಗಮನ ಮೀಥೇನಿಗೆ ಬಹುಕಾಲ ದೊರೆಯಲಿಲ್ಲ. 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ವಾಯುಗುಣ ಸಮ್ಮೇಳನದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಐರೋಪ್ಯ ಒಕ್ಕೂಟಗಳು ‘ಜಾಗತಿಕ ಮೀಥೇನ್ ಪ್ರತಿಜ್ಞೆ’ಯನ್ನು ಮುಂದಿಟ್ಟಾಗ ಈ ಸ್ಥಿತಿ ಬದಲಾಯಿತು. 2020ರ ಮಟ್ಟಕ್ಕೆ ಹೋಲಿಸಿದರೆ 2030ರ ವೇಳೆಗೆ ಜಗತ್ತಿನ ಮೀಥೇನ್ ಉತ್ಸರ್ಜನೆಯನ್ನು ಶೇ. 30ರಷ್ಟು ತಗ್ಗಿಸಬೇಕೆಂಬುದು ಈ ಪ್ರತಿಜ್ಞೆಯ ತಿರುಳು. 150ಕ್ಕೂ ಹೆಚ್ಚು ರಾಷ್ಟ್ರಗಳು ಇದಕ್ಕೆ ಸೇರಿಕೊಂಡವು. ಭಾರತ ಸೇರಲಿಲ್ಲ.

ಸಹಿ ಹಾಕದ ದೇಶ ಏನನ್ನೂ ಮಾಡುತ್ತಿಲ್ಲವೆಂದು ಭಾವಿಸುವುದು ಸರಿಯಾಗದು. ಮೀಥೇನನ್ನು ಹಿಡಿದು ಉರಿಸುವ ವಿದ್ಯೆಯಲ್ಲಿ ಭಾರತಕ್ಕೆ ಒಂದು ಶತಮಾನಕ್ಕೂ ಮೀರಿದ ಪರಿಚಯವಿದೆ. ಆದರೆ ಸಹಿ ಹಾಕದಿರುವುದಕ್ಕೆ ಕೊಟ್ಟ ಕಾರಣಗಳು ದೇಶದಲ್ಲಿ ಹುಟ್ಟುವ ಎಲ್ಲ ಮೀಥೇನಿಗೂ ಸಮನಾಗಿ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆಯನ್ನು ಕೊಟ್ಟಿಗೆ, ಗದ್ದೆ, ಸಗಣಿ ಗುಂಡಿ ಮತ್ತು ನಗರದ ಕಸ ಎಂಬ ನಾಲ್ಕು ಮೂಲಗಳ ಮೂಲಕ, ಮುಖ್ಯವಾಗಿ ಕರ್ನಾಟಕದ ಅನುಭವವನ್ನು ಆಧರಿಸಿ, ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಇಂಥ ಪರಿಶೀಲನೆಗೆ ಉತ್ತರ ಬೆಂಗಳೂರು ಒಂದು ಅನುಕೂಲವಾದ ಕ್ಷೇತ್ರ. ಮತ್ತಿಕೆರೆಗೆ ಹೊಂದಿಕೊಂಡಂತೆ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಗ್ರಾಮೀಣ ಜೈವಿಕ ಅನಿಲದ ಸಂಶೋಧನೆಗೆ ಅದು ತವರು. ಹೆಬ್ಬಾಳದ ಆಚೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕಡಿಮೆ ನೀರಿನ ಭತ್ತದ ತಳಿಗಳು ರೂಪುಗೊಂಡವು. ನಗರದ ಕಸ ಹೋಗಿ ಬಿದ್ದ ಮಾವಳ್ಳಿಪುರ ಯಲಹಂಕದ ಸಮೀಪದಲ್ಲಿದೆ. ಹಸಿ ಕಸದಿಂದ ಅನಿಲ ತೆಗೆಯುವ ವಾರ್ಡುಮಟ್ಟದ ಘಟಕವೊಂದು ಮತ್ತಿಕೆರೆಯಲ್ಲಿಯೇ ಸ್ಥಾಪನೆಯಾಯಿತು. ಸಮಸ್ಯೆಯೂ ಪರಿಹಾರದ ಯತ್ನಗಳೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ.

ಅನಿಲದ ಸ್ವಭಾವ

ಒಂದು ಇಂಗಾಲ ಮತ್ತು ನಾಲ್ಕು ಜಲಜನಕ ಪರಮಾಣುಗಳ ಸರಳ ಸಂಯುಕ್ತವಾದ ಮೀಥೇನ್ ಬಣ್ಣ, ವಾಸನೆಗಳಿಲ್ಲದ, ಉರಿಯುವ ಅನಿಲ. ಆಮ್ಲಜನಕ ಸುಳಿಯದ ಎಡೆಯಲ್ಲಿ ಜೈವಿಕ ವಸ್ತು ಕೊಳೆತಾಗ ಸೂಕ್ಷ್ಮಜೀವಿಗಳು ಇದನ್ನು ಉತ್ಪಾದಿಸುತ್ತವೆ. ದನದ ಹೊಟ್ಟೆ, ಕೆಸರುಗದ್ದೆಯ ತಳ, ಮುಚ್ಚಿದ ಸಗಣಿ ಗುಂಡಿ, ಕಸದ ರಾಶಿಯ ಒಡಲು, ಕೊಳಚೆ ತುಂಬಿದ ಕೆರೆಯ ಹೂಳು ಇವೆಲ್ಲವೂ ರಾಸಾಯನಿಕವಾಗಿ ಒಂದೇ ಬಗೆಯ ತಾಣಗಳು. ಇವುಗಳ ಹೊರತಾಗಿ ಕಲ್ಲಿದ್ದಲ ಗಣಿ, ತೈಲ ಹಾಗೂ ನೈಸರ್ಗಿಕ ಅನಿಲದ ಬಾವಿ ಮತ್ತು ಕೊಳವೆಗಳಿಂದಲೂ ಮೀಥೇನ್ ಸೋರುತ್ತದೆ.

ವಾತಾವರಣದಲ್ಲಿ ಮೀಥೇನಿನ ಆಯುಸ್ಸು ಸುಮಾರು 12 ವರ್ಷ. ಇಂಗಾಲದ ಡೈಆಕ್ಸೈಡಿನ ಒಂದು ಭಾಗವಾದರೋ ಶತಮಾನಗಳವರೆಗೆ ಉಳಿಯುತ್ತದೆ. ಆದರೆ ಇರುವಷ್ಟು ಕಾಲ ಮೀಥೇನಿನ ಶಾಖ ಹಿಡಿಯುವ ಶಕ್ತಿ ಬಹಳ ಹೆಚ್ಚು. ತೂಕಕ್ಕೆ ತೂಕ ಹೋಲಿಸಿದರೆ ಅದು 20 ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 80 ಪಟ್ಟು, 100 ವರ್ಷಗಳ ಅವಧಿಯಲ್ಲಿ 27ರಿಂದ 30 ಪಟ್ಟು ಪರಿಣಾಮ ಬೀರುತ್ತದೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 700ರಷ್ಟಿದ್ದ ಮೀಥೇನ್ ಅಣುಗಳು ಇಂದು 1,900ನ್ನು ದಾಟಿವೆ. ಅಲ್ಪಾಯುವಾದ್ದರಿಂದ ಇದರ ಉತ್ಸರ್ಜನೆ ತಗ್ಗಿದರೆ ಫಲ ಒಂದೆರಡು ದಶಕಗಳೊಳಗೆ ಕಾಣುತ್ತದೆ. ಜಗತ್ತು ಈ ಅನಿಲದ ಕಡೆಗೆ ತಿರುಗಿ ನೋಡಲು ಇದೇ ಮುಖ್ಯ ಕಾರಣ.

ಲೆಕ್ಕದ ವಿವಾದ

ಭಾರತದ ಮೀಥೇನ್ ನೀತಿಯನ್ನು ಅರಿಯಬೇಕಾದರೆ 1990ರ ದಶಕದ ಆರಂಭದ ವಿವಾದವೊಂದನ್ನು ಅರಿಯುವುದು ಅವಶ್ಯ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1990ರಲ್ಲಿ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3.78 ಕೋಟಿ ಟನ್ ಮೀಥೇನ್ ಹೊರಬೀಳುತ್ತಿದೆಯೆಂದು ಅಂದಾಜು ಮಾಡಿತು. ಇಲ್ಲಿಯ ಗದ್ದೆಗಳನ್ನು ಅಳೆದು ಪಡೆದ ಸಂಖ್ಯೆ ಇದಾಗಿರಲಿಲ್ಲ. ಬೇರೆ ದೇಶಗಳ ಮಾಪನಗಳನ್ನು ನಮ್ಮ ಗದ್ದೆಗಳ ವಿಸ್ತೀರ್ಣಕ್ಕೆ ಹಿಗ್ಗಿಸಿ ಪಡೆದದ್ದು. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳುತನದಲ್ಲಿ 1991ರಲ್ಲಿ ದೇಶದ ನಾನಾ ಭಾಗಗಳ ಗದ್ದೆಗಳಲ್ಲಿ ನೇರ ಮಾಪನ ನಡೆಯಿತು. ಅದರಿಂದ ಹೊರಬಂದ ಅಂದಾಜು ಸುಮಾರು 40 ಲಕ್ಷ ಟನ್, ಎಂದರೆ ಮೊದಲ ಸಂಖ್ಯೆಯ ಹತ್ತನೇ ಒಂದು ಭಾಗದ ಆಸುಪಾಸು. ವರ್ಷವಿಡೀ ನೀರು ನಿಲ್ಲುವ ಗದ್ದೆ ನಮ್ಮಲ್ಲಿ ಕಡಿಮೆ. ಮಳೆಯಾಶ್ರಿತ ಗದ್ದೆ ನಡುನಡುವೆ ಒಣಗುತ್ತದೆ. ಒಣಗಿದ ಮಣ್ಣಿಗೆ ಗಾಳಿ ಹೊಕ್ಕಾಗ ಮೀಥೇನಿನ ಉತ್ಪತ್ತಿ ನಿಲ್ಲುತ್ತದೆ. ಈ ಸರಳ ಸಂಗತಿ ದೂರದ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಅದೇ 1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ತಮ್ಮ ಕಿರುಹೊತ್ತಗೆಯಲ್ಲಿ ಇನ್ನೊಂದು ಪ್ರಶ್ನೆಯನ್ನು ಎತ್ತಿದರು. ಬಡ ರೈತನ ಗದ್ದೆ ಮತ್ತು ದನದಿಂದ ಹೊರಡುವ ಅನಿಲವನ್ನೂ ಸಿರಿವಂತ ದೇಶಗಳ ಮೋಟಾರು ಕಾರುಗಳ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂಬುದು ಆ ಪ್ರಶ್ನೆ. ಬದುಕಿಗೆ ಅನಿವಾರ್ಯವಾದ ಉತ್ಸರ್ಜನೆ ಮತ್ತು ಭೋಗದ ಉತ್ಸರ್ಜನೆ ಎಂಬ ವಿಂಗಡಣೆ ಅಂದಿನಿಂದ ಭಾರತದ ವಾದದ ನೆಲೆಗಟ್ಟಾಯಿತು. 2021ರ ನಂತರ ಮೀಥೇನ್ ಪ್ರತಿಜ್ಞೆಯಿಂದ ಹೊರಗುಳಿದಾಗ ಕೇಂದ್ರ ಸರ್ಕಾರ ಹೇಳಿದ್ದು ಬಹುಮಟ್ಟಿಗೆ ಇದನ್ನೇ: ದೇಶದ ಮೀಥೇನಿನ ಎರಡು ಪ್ರಮುಖ ಮೂಲಗಳಾದ ಜಾನುವಾರು ಮತ್ತು ಭತ್ತ ಸಣ್ಣ ಹಾಗೂ ಅತಿಸಣ್ಣ ರೈತರ ಜೀವನಾಧಾರ, ದೀರ್ಘಾಯುವಾದ ಇಂಗಾಲದ ಡೈಆಕ್ಸೈಡಿನ ಹೊಣೆಯನ್ನು ಅಲ್ಪಾಯುವಾದ ಮೀಥೇನಿಗೆ ವರ್ಗಾಯಿಸುವುದು ಸಲ್ಲದು.

ಭಾರತ ವಿಶ್ವಸಂಸ್ಥೆಗೆ ಸಲ್ಲಿಸಿದ ಮೂರನೆಯ ದ್ವೈವಾರ್ಷಿಕ ವರದಿಯ ಪ್ರಕಾರ 2016ರಲ್ಲಿ ದೇಶದ ಮೀಥೇನ್ ಉತ್ಸರ್ಜನೆ 40.9 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಇದರಲ್ಲಿ ಕೃಷಿಯ ಪಾಲು ಶೇ. 73.96, ತ್ಯಾಜ್ಯದ್ದು ಶೇ. 14.46, ಇಂಧನ ಕ್ಷೇತ್ರದ್ದು ಶೇ. 10.62, ಉಳಿದ ಅಲ್ಪಾಂಶ ಕೈಗಾರಿಕೆಗಳದ್ದು. ಈ ಲೆಕ್ಕದಲ್ಲಿ ಒಂದು ಟನ್ ಮೀಥೇನನ್ನು 21 ಟನ್ ಇಂಗಾಲದ ಡೈಆಕ್ಸೈಡಿಗೆ ಸಮವೆಂದು ಹಿಡಿಯಲಾಗಿದೆ ಎಂಬುದನ್ನು ಓದುಗರು ಗಮನಿಸಬೇಕು. ಹಾಗೆ ನೋಡಿದರೆ ನಿಜವಾದ ತೂಕ ಸುಮಾರು 1.95 ಕೋಟಿ ಟನ್. ಅದೇ ತೂಕವನ್ನು 20 ವರ್ಷಗಳ ಅಳತೆಯಲ್ಲಿ, ಎಂದರೆ 80 ಪಟ್ಟಿನ ದರದಲ್ಲಿ ತೂಗಿದರೆ 156 ಕೋಟಿ ಟನ್ ಆಗುತ್ತದೆ. ಅನಿಲ ಬದಲಾಗಲಿಲ್ಲ, ತೂಗುವ ಬಟ್ಟು ಬದಲಾಯಿತು. ಮೀಥೇನ್ ಕುರಿತ ಯಾವುದೇ ಸಂಖ್ಯೆಯನ್ನು ಓದುವಾಗ ಯಾವ ಬಟ್ಟಿನಿಂದ ತೂಗಿದ್ದಾರೆಂದು ಕೇಳುವುದು ಸಂಶೋಧಕರ ಮೊದಲ ಕರ್ತವ್ಯ.

ಕೊಟ್ಟಿಗೆಯ ಮೀಥೇನ್

ಮೆಲುಕು ಹಾಕುವ ಪ್ರಾಣಿಗಳ ಮೊದಲ ಜಠರ ಒಂದು ಹುದುಗುವ ತೊಟ್ಟಿಯಿದ್ದಂತೆ. ಮನುಷ್ಯರಿಗೆ ಜೀರ್ಣವಾಗದ ಹುಲ್ಲಿನ ನಾರನ್ನು ಅಲ್ಲಿಯ ಸೂಕ್ಷ್ಮಜೀವಿಗಳು ಒಡೆಯುತ್ತವೆ. ಆ ಕ್ರಿಯೆಯಲ್ಲಿ ಬಿಡುಗಡೆಯಾಗುವ ಜಲಜನಕವನ್ನು ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿಸಿ ಮೀಥೇನ್ ಮಾಡುತ್ತವೆ. ಅದರ ಬಹುಪಾಲು ಹೊರಬರುವುದು ತೇಗಿನ ರೂಪದಲ್ಲಿ, ಬಾಯಿಯ ಮೂಲಕ. ತಿಂದ ಮೇವಿನ ಒಟ್ಟು ಶಕ್ತಿಯಲ್ಲಿ ಶೇ. 6ರಿಂದ 7ರಷ್ಟು ಹೀಗೆ ನಷ್ಟವಾಗುತ್ತದೆ. ಎಂದರೆ ವಾತಾವರಣಕ್ಕೆ ಹಾನಿಯಾದ ಅನಿಲ ರೈತನ ಪಾಲಿಗೆ ವ್ಯರ್ಥವಾದ ಮೇವೂ ಹೌದು.

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ 19 ಕೋಟಿಗೂ ಹೆಚ್ಚು ದನಗಳೂ ಸುಮಾರು 11 ಕೋಟಿ ಎಮ್ಮೆ ಕೋಣಗಳೂ ಇದ್ದವು. ಅಂತರಸರ್ಕಾರಿ ವಾಯುಗುಣ ಬದಲಾವಣೆ ಸಮಿತಿಯ 2006ರ ಮಾರ್ಗಸೂಚಿ ಭಾರತ ಉಪಖಂಡದ ಹಾಲು ಕೊಡುವ ಹಸುವೊಂದಕ್ಕೆ ವರ್ಷಕ್ಕೆ 58 ಕಿಲೋಗ್ರಾಂ, ಇತರ ದನಗಳಿಗೆ 27 ಕಿಲೋಗ್ರಾಂ ಮೀಥೇನ್ ಎಂದು ನಿಗದಿ ಮಾಡಿದೆ. ಉತ್ತರ ಅಮೆರಿಕದ ಹಾಲಿನ ಹಸುವಿಗೆ ಈ ಪ್ರಮಾಣ 128 ಕಿಲೋಗ್ರಾಂ. ತಲೆಯೆಣಿಕೆಯಲ್ಲಿ ನಮ್ಮ ಹಸುವಿನ ತಪ್ಪು ಅರ್ಧಕ್ಕಿಂತ ಕಡಿಮೆ. ಆದರೆ ಅದೇ ಮಾರ್ಗಸೂಚಿ ಅಲ್ಲಿಯ ಹಸುವಿಗೆ ವರ್ಷಕ್ಕೆ 8,400 ಕಿಲೋಗ್ರಾಂ, ಇಲ್ಲಿಯ ಹಸುವಿಗೆ 900 ಕಿಲೋಗ್ರಾಂ ಹಾಲಿನ ಇಳುವರಿಯನ್ನು ಆಧಾರವಾಗಿ ಹಿಡಿದಿದೆ. ಲೆಕ್ಕ ಹಾಕಿದರೆ ಒಂದು ಕಿಲೋಗ್ರಾಂ ಹಾಲಿಗೆ ಅಲ್ಲಿ ಸುಮಾರು 15 ಗ್ರಾಂ, ಇಲ್ಲಿ ಸುಮಾರು 64 ಗ್ರಾಂ ಮೀಥೇನ್. ಹಾಲಿನ ಲೆಕ್ಕದಲ್ಲಿ ನಮ್ಮ ಹೊರೆ ನಾಲ್ಕು ಪಟ್ಟು. ಇಲ್ಲಿಯೂ ಉಳಿದೊಂದು ಮಾತಿದೆ: ಹಳ್ಳಿಕಾರ್ ಎತ್ತಾಗಲಿ ಮಲೆನಾಡು ಗಿಡ್ಡ ಹಸುವಾಗಲಿ ಹಾಲಿಗಾಗಿಯಷ್ಟೇ ಸಾಕಿದ ರಾಸಲ್ಲ, ಉಳುಮೆ, ಗೊಬ್ಬರ, ಕಷ್ಟಕಾಲದ ಆಸ್ತಿ ಇವೂ ಅದರ ಇಳುವರಿಯೇ. ಹಾಲಿನ ಒಂದೇ ಅಳತೆಯಿಂದ ಅದನ್ನು ಅಳೆಯುವುದು ಅಪೂರ್ಣ.

ಈ ಕ್ಷೇತ್ರದಲ್ಲಿ ಭಾರತ ಎರಡು ಹಾದಿಗಳನ್ನು ಹಿಡಿದಿದೆ. ಮೊದಲನೆಯದು ಮೇವಿನ ಸಮತೋಲನ. ಒಣ ಹುಲ್ಲು ಹೆಚ್ಚಾಗಿ, ಹಿಂಡಿ, ಹಸಿರು ಮೇವು, ಖನಿಜ ಮಿಶ್ರಣಗಳು ಕಡಿಮೆಯಾದಾಗ ಮೀಥೇನ್ ಏರುತ್ತದೆ. ರೈತನ ಬಳಿ ಸಿಗುವ ಪದಾರ್ಥಗಳಿಂದಲೇ ಸರಿಯಾದ ಮೇವಿನ ಮಿಶ್ರಣವನ್ನು ಸೂಚಿಸುವ ಕಾರ್ಯಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸಹಕಾರಿ ಹಾಲು ಸಂಘಗಳ ಮೂಲಕ ನಡೆಸಿತು. ಎರಡನೆಯದು ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ಸಂಶೋಧನೆ. ಒಗರು ರುಚಿಗೆ ಕಾರಣವಾದ ಟ್ಯಾನಿನ್ ಹೇರಳವಾಗಿರುವ ಸಸ್ಯಗಳಿಂದ ಈ ಸಂಸ್ಥೆ ರೂಪಿಸಿದ ‘ಹರಿತ್ ಧಾರಾ’ ಎಂಬ ಪೂರಕ ಮೇವು ದನಗಳ ಮೀಥೇನನ್ನು ಶೇ. 17ರಿಂದ 20ರಷ್ಟು ತಗ್ಗಿಸುತ್ತದೆಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ತಿಳಿಸಿದೆ.

ಪೂರಕ ಮೇವಿನ ಭವಿಷ್ಯವನ್ನು ನಿರ್ಧರಿಸುವುದು ಪ್ರಯೋಗಾಲಯವಲ್ಲ. ಎರಡು ರಾಸುಗಳ ಒಡೆಯನಾದ ರೈತ ತೇಗಿನ ಅನಿಲಕ್ಕಾಗಿ ಹಣ ತೆರಲಾರ. ಹಾಲು ಹೆಚ್ಚಿದರೆ, ಹಿಂಡಿಯ ಖರ್ಚು ಇಳಿದರೆ ತೆತ್ತಾನು. ಜೀರ್ಣಕ್ರಿಯೆಯಲ್ಲಿ ಉಳಿದ ಶಕ್ತಿ ಹಾಲಿನ ಡೈರಿಯ ಚೀಟಿಯಲ್ಲಿ ಕಾಣಿಸಿದಾಗ ಮಾತ್ರ ಈ ತಂತ್ರ ಕೊಟ್ಟಿಗೆಯನ್ನು ಮುಟ್ಟುತ್ತದೆ.

ಗದ್ದೆಯ ಮೀಥೇನ್

ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಹುಟ್ಟಿದ ಮೀಥೇನಿನ ಹೆಚ್ಚಿನ ಭಾಗ ಭತ್ತದ ಗಿಡದ ಟೊಳ್ಳು ಅಂಗಾಂಶದ ಮೂಲಕವೇ ಮೇಲೇರಿ ಗಾಳಿಗೆ ಸೇರುತ್ತದೆ. ಬೇರಿಗೆ ಗಾಳಿ ಒಯ್ಯುವ ಕೊಳವೆಯೇ ತಳದ ಅನಿಲಕ್ಕೆ ಚಿಮಣಿಯಾಗುತ್ತದೆ. ಇದನ್ನು ತಡೆಯುವ ಉಪಾಯ ಸರಳ: ನೀರನ್ನು ಸದಾ ನಿಲ್ಲಿಸದೆ ಆಗಾಗ ಬಸಿದು ಮಣ್ಣಿಗೆ ಉಸಿರಾಡಲು ಬಿಡುವುದು, ಇಲ್ಲವೇ ಕೆಸರು ಮಾಡದೆ ನೇರವಾಗಿ ಬಿತ್ತುವುದು.

ಕರ್ನಾಟಕದಲ್ಲಿ ಇದು ಹೊಸ ವಿದ್ಯೆಯೇನಲ್ಲ. ಧಾರವಾಡ, ಹಾವೇರಿ ಭಾಗಗಳ ರೈತರು ತಲೆಮಾರುಗಳಿಂದ ಕೂರಿಗೆಯಲ್ಲಿ ಭತ್ತ ಬಿತ್ತುತ್ತ ಬಂದಿದ್ದಾರೆ. ತುಂಗಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗದ ರೈತರು ಕಾಲುವೆಯ ನೀರು ತಡವಾದಾಗ ನಾಟಿ ಬಿಟ್ಟು ನೇರ ಬಿತ್ತನೆಗೆ ಹೊರಳಿದರು. ಕೂಲಿಯ ಉಳಿತಾಯವೂ ಅವರನ್ನು ಅತ್ತ ಎಳೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಬಿಡುಗಡೆ ಮಾಡಿದ ಎಂಎಎಸ್ 946-1 ಎಂಬ ತಳಿ ನೀರು ನಿಲ್ಲಿಸದ ‘ಏರೋಬಿಕ್’ ಬೇಸಾಯಕ್ಕಾಗಿಯೇ ರೂಪಿಸಿದ್ದು. ಈ ಮೂರರಲ್ಲಿ ಯಾವುದೂ ಮೀಥೇನಿನ ಹೆಸರಿನಲ್ಲಿ ಆರಂಭವಾಗಲಿಲ್ಲ. ನೀರಿನ ಅಭಾವ, ಕೂಲಿಯ ಅಭಾವ ಇವು ಕಾರಣ. ಮೀಥೇನಿನ ಇಳಿಕೆ ಅದರ ಜೊತೆಗೆ ಬಂದ ಫಲ.

ಎಚ್ಚರ ವಹಿಸಬೇಕಾದ ಅಂಶವೂ ಇದೆ. ಮಣ್ಣು ಒಣಗಿ ಮತ್ತೆ ನೆನೆದಾಗ, ವಿಶೇಷವಾಗಿ ಯೂರಿಯಾ ಹೆಚ್ಚು ಸುರಿದ ಗದ್ದೆಯಲ್ಲಿ, ನೈಟ್ರಸ್ ಆಕ್ಸೈಡ್ ಎಂಬ ಇನ್ನೂ ಪ್ರಬಲವಾದ ಹಸಿರುಮನೆ ಅನಿಲ ಹೆಚ್ಚಬಹುದು. ಆದ್ದರಿಂದ ನೀರಿನ ನಿರ್ವಹಣೆಯನ್ನು ಗೊಬ್ಬರದ ನಿರ್ವಹಣೆಯಿಂದ ಬೇರ್ಪಡಿಸಿ ನೋಡಲಾಗದು.

ಸಗಣಿಯ ಅನಿಲ: ಪುರ, ಶಿರಸಿ, ಬಾಗೇಪಲ್ಲಿ

ಮುಂಬಯಿಯ ಮಾಟುಂಗದ ಕುಷ್ಠಾಶ್ರಮದಲ್ಲಿ 1897ರಷ್ಟು ಹಿಂದೆಯೇ ಮಲಿನದಿಂದ ಅನಿಲ ತೆಗೆದು ಬಳಸಲಾಗಿತ್ತು. ಜಶಭಾಯಿ ಪಟೇಲ್ ಅವರು 1950ರ ದಶಕದಲ್ಲಿ ರೂಪಿಸಿದ ತೇಲುವ ಡ್ರಮ್ಮಿನ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಮುಂದಕ್ಕೊಯ್ದಿತು. 1981-82ರಲ್ಲಿ ರಾಷ್ಟ್ರೀಯ ಜೈವಿಕ ಅನಿಲ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅನಂತರದ ದಶಕಗಳಲ್ಲಿ ದೇಶದಾದ್ಯಂತ 50 ಲಕ್ಷದಷ್ಟು ಮನೆ ಘಟಕಗಳು ನಿರ್ಮಾಣವಾದವು. ಇಟ್ಟಿಗೆಯ ಗುಮ್ಮಟದ ‘ದೀನಬಂಧು’ ಮಾದರಿ 1984ರಲ್ಲಿ ಬಂದು ಖರ್ಚನ್ನು ಇಳಿಸಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯದ ಅನಿಲ ಘಟಕವನ್ನು ಸ್ಥಾಪಿಸಿತು. ಮೊದಲ ಉದ್ದೇಶ ಅಡುಗೆಗೆ ಅನಿಲ ಒದಗಿಸುವುದು. ಊರಿನ ಸಗಣಿ ಎಲ್ಲ ಒಲೆಗಳಿಗೆ ಸಾಲದೆ ಆ ಯತ್ನ ನಿಂತಿತು. ಗ್ರಾಮಸ್ಥರಿಗೆ ಹೆಚ್ಚು ಬೇಕಾಗಿದ್ದುದು ನೀರು ಮತ್ತು ಬೆಳಕು ಎಂಬುದನ್ನು ಅರಿತ ವಿಜ್ಞಾನಿಗಳು 1987ರಲ್ಲಿ ಅದೇ ಅನಿಲದಿಂದ ಡೀಸೆಲ್ ಎಂಜಿನ್ ನಡೆಸಿ ವಿದ್ಯುತ್ತು ಉತ್ಪಾದಿಸುವ ವ್ಯವಸ್ಥೆ ಮಾಡಿದರು. ಮನೆಗಳಿಗೆ ದೀಪ ಬಂತು, ಕೊಳವೆಬಾವಿಯ ನೀರು ನಲ್ಲಿಗೆ ಬಂತು. ಸಗಣಿ ತಂದುಕೊಟ್ಟವರಿಗೆ ಕಿಲೋಗ್ರಾಮಿಗೆ ಎರಡು ಪೈಸೆಯಂತೆ ಹಣ ದೊರೆಯಿತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರಿಗೇ ಮರಳಿತು. ಸಗಣಿಯ ಒಡೆತನ ಕೈತಪ್ಪದೆ ಅದರ ಅನಿಲವಷ್ಟೇ ಊರಿನದಾಯಿತು. ಪುರದ ಪ್ರಯೋಗದ ಅತ್ಯಂತ ಮಹತ್ವದ ಪಾಠ ಯಂತ್ರದ್ದಲ್ಲ, ಈ ಕೊಡುಕೊಳ್ಳುವ ಏರ್ಪಾಡಿನದು.

ಉತ್ತರ ಕನ್ನಡದ ಶಿರಸಿ ತಾಲ್ಲೂಕು ಇನ್ನೊಂದು ಉದಾಹರಣೆ. ಅಡಿಕೆ ತೋಟಕ್ಕೆ ಗೊಬ್ಬರ ಬೇಕಾದ, ಕೊಟ್ಟಿಗೆಯಲ್ಲಿ ಸಾಕಷ್ಟು ರಾಸುಗಳಿದ್ದ, ನೀರಿನ ಕೊರತೆಯಿಲ್ಲದ ಈ ಸೀಮೆಯಲ್ಲಿ ಗೋಬರ್ ಗ್ಯಾಸ್ ಮನೆಮಾತಾಯಿತು. ಇಲ್ಲಿಯ ಯಶಸ್ಸನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರತ್ಯೇಕವಾಗಿ ದಾಖಲಿಸಿದರು. ಬಯಲುಸೀಮೆಯ ಬಾಗೇಪಲ್ಲಿಯಲ್ಲಿ ಕೂಲಿ ಸಂಘವು 5,500 ಮನೆ ಘಟಕಗಳ ಯೋಜನೆಯನ್ನು ಕ್ಯೋಟೊ ಒಪ್ಪಂದದ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ 2005ರಲ್ಲಿ ನೋಂದಾಯಿಸಿತು. ದೂರದ ದೇಶಗಳ ಇಂಗಾಲದ ಹಣ ಬಡ ಕುಟುಂಬಗಳ ಒಲೆಯನ್ನು ಮುಟ್ಟಿದ ಆರಂಭಿಕ ನಿದರ್ಶನಗಳಲ್ಲಿ ಇದೊಂದು.

ಈ ಘಟಕಗಳೆಲ್ಲ ಮೀಥೇನನ್ನು ತಗ್ಗಿಸುತ್ತವೆಯೆಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಆ ಹೇಳಿಕೆಯನ್ನು ತುಸು ತಿದ್ದಬೇಕು. ಬೆರಣಿ ತಟ್ಟಿ ಒಣಗಿಸಿದ ಅಥವಾ ಹೊಲಕ್ಕೆ ಹರಡಿದ ಸಗಣಿ ಗಾಳಿಗೆ ತೆರೆದಿರುವುದರಿಂದ ಮೀಥೇನ್ ಬಿಡುವುದು ಅತ್ಯಲ್ಪ. ಗುಂಡಿಯೊಳಗೆ ಹೊಕ್ಕ ಸಗಣಿಯಾದರೋ ಬೇಕೆಂದೇ ಮೀಥೇನ್ ಉತ್ಪಾದಿಸುತ್ತದೆ. ಉರಿದರೆ ಲಾಭ, ಬಿರುಕಿನಿಂದ ಸೋರಿದರೆ ನಷ್ಟ. ಆದ್ದರಿಂದ ಗ್ರಾಮೀಣ ಘಟಕದ ವಾಯುಗುಣ ಲಾಭ ಬಹುಮಟ್ಟಿಗೆ ಅದು ಉಳಿಸುವ ಸೌದೆ, ಸೀಮೆಎಣ್ಣೆ, ಸಿಲಿಂಡರ್ ಅನಿಲಗಳದು. ಬಾಗೇಪಲ್ಲಿಯ ಲೆಕ್ಕವೂ ಸೌದೆ, ಸೀಮೆಎಣ್ಣೆಗಳ ಉಳಿತಾಯವನ್ನೇ ಆಧರಿಸಿತ್ತು. ಕೆಟ್ಟು ನಿಂತ ಘಟಕವನ್ನು ದುರಸ್ತಿ ಮಾಡುವುದು ಹೊಸ ಘಟಕ ಕಟ್ಟುವಷ್ಟೇ ಮುಖ್ಯವೆಂಬುದು ಇದರಿಂದ ಸ್ಪಷ್ಟ. ಸಹಾಯಧನ ಮಾತ್ರ ಕಟ್ಟುವುದಕ್ಕೇ ಹೆಚ್ಚಾಗಿ ಸಂದಿದೆ.

ನಗರದ ಹಸಿ ಕಸ ಮತ್ತು ಮತ್ತಿಕೆರೆಯ ಘಟಕ

ಕೊಟ್ಟಿಗೆ ಮತ್ತು ಗದ್ದೆಗಳಿಂದ ನಗರದ ಕಸಕ್ಕೆ ಬಂದಾಗ ವಾದದ ಸ್ವರೂಪವೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ದಿನಕ್ಕೆ ಸುಮಾರು 5,000 ಟನ್ ಘನತ್ಯಾಜ್ಯ ಉತ್ಪತ್ತಿಯಾಗುತ್ತದೆ; ಅದರ ಅರ್ಧಕ್ಕೂ ಹೆಚ್ಚು ಭಾಗ ಅಡುಗೆಮನೆ, ಹೋಟೆಲು, ಮಾರುಕಟ್ಟೆಗಳ ಹಸಿ ಕಸ. ಇದನ್ನು ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ ಆಳವಾದ ರಾಶಿಯಲ್ಲಿ ಹೂತಾಗ ಗಾಳಿ ಆಡದೆ ವರ್ಷಗಟ್ಟಲೆ ಮೀಥೇನ್ ಹೊರಡುತ್ತದೆ. ಕಸದ ಗುಡ್ಡಗಳಿಗೆ ಬೆಂಕಿ ಹತ್ತುವುದಕ್ಕೂ ಈ ಅನಿಲ ನೆರವಾಗುತ್ತದೆ.

ಉತ್ತರ ಬೆಂಗಳೂರಿನ ಹೊರವಲಯ ಈ ಭಾರವನ್ನು ಹೊತ್ತಿದೆ. ಮಾವಳ್ಳಿಪುರದ ಗ್ರಾಮಸ್ಥರು ದುರ್ನಾತ, ಕಸದ ರಸದಿಂದ ಕೆಟ್ಟ ನೀರು ಇವುಗಳ ವಿರುದ್ಧ ನಡೆಸಿದ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಆಗ ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದು ದೇಶದ ಗಮನ ಸೆಳೆಯಿತು. ಹೊರೆ ಮಂಡೂರಿಗೆ ವರ್ಗವಾಯಿತು; ಅಲ್ಲಿಯ ಜನರೂ ಪ್ರತಿಭಟಿಸಿ 2014ರ ಡಿಸೆಂಬರಿನಿಂದ ಅದನ್ನು ನಿಲ್ಲಿಸಿದರು. ಅನಂತರ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿ ಗುಂಡಿಗಳು ತುಂಬತೊಡಗಿದವು. ಕರ್ನಾಟಕ ಉಚ್ಚ ನ್ಯಾಯಾಲಯ 2012ರ ಡಿಸೆಂಬರಿನಲ್ಲಿ ಮೂಲದಲ್ಲಿಯೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನೇ ದೇಶಕ್ಕೆ ವಿಸ್ತರಿಸಿದವು.

ಈ ಬಿಕ್ಕಟ್ಟಿನ ಕಾಲದಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ವಾರ್ಡುಮಟ್ಟದಲ್ಲಿ ದಿನಕ್ಕೆ 5 ಟನ್ ಹಸಿ ಕಸದಿಂದ ಅನಿಲ ತೆಗೆಯುವ ಘಟಕಗಳನ್ನು ಸ್ಥಾಪಿಸಿತು. ಮತ್ತಿಕೆರೆ ಅವುಗಳಲ್ಲೊಂದರ ನೆಲೆ. ಹಸಿ ಕಸವನ್ನು ಅರೆದು ನೀರಿನೊಂದಿಗೆ ಬೆರೆಸಿ ಮುಚ್ಚಿದ ತೊಟ್ಟಿಯಲ್ಲಿ ಹುದುಗಿಸಿ, ಹೊರಬಂದ ಅನಿಲವನ್ನು ಸಂಗ್ರಹಿಸಿ, ಗಂಧಕದ ಅಂಶ ತೆಗೆದು, ಎಂಜಿನ್ನಿನಲ್ಲಿ ಉರಿಸಿ ವಿದ್ಯುತ್ತು ಪಡೆಯುವುದು ಇದರ ಕ್ರಮ. ಒಂದು ಟನ್ ಅಡುಗೆಮನೆ ಕಸದಿಂದ ಸಾಮಾನ್ಯವಾಗಿ 80ರಿಂದ 100 ಘನಮೀಟರ್ ಜೈವಿಕ ಅನಿಲ ದೊರೆಯುತ್ತದೆಂದು ಹಿಡಿದರೆ, 5 ಟನ್ನಿಗೆ 400ರಿಂದ 500 ಘನಮೀಟರ್. ಅದರಿಂದ ದಿನಕ್ಕೆ 600ರಿಂದ 750 ಯೂನಿಟ್ ವಿದ್ಯುತ್ತು ಸಾಧ್ಯ. ಬೀದಿ ದೀಪಗಳಿಗೆ ಇದು ಸಣ್ಣ ನೆರವಲ್ಲ.

ಅದೇ 5 ಟನ್ ಆಳವಾದ ಕಸದ ಗುಂಡಿಗೆ ಹೋದರೆ ಏನಾಗುತ್ತದೆಂಬುದನ್ನು ಅಂತರಸರ್ಕಾರಿ ಸಮಿತಿಯ ಮಾರ್ಗಸೂಚಿಯ ಗುಣಾಂಕಗಳಿಂದಲೇ ಲೆಕ್ಕ ಹಾಕಬಹುದು. ಹಸಿ ಆಹಾರ ತ್ಯಾಜ್ಯದ ತೂಕದಲ್ಲಿ ಶೇ. 15 ಕೊಳೆಯಬಲ್ಲ ಇಂಗಾಲ. ಅದರಲ್ಲಿ ಅರ್ಧ ನಿಜವಾಗಿ ಕೊಳೆಯುತ್ತದೆ. ಹುಟ್ಟುವ ಅನಿಲದಲ್ಲಿ ಅರ್ಧ ಮೀಥೇನ್. ನಿರ್ವಹಣೆಯಿಲ್ಲದ ಆಳವಾದ ರಾಶಿಗೆ 0.8 ಗುಣಾಂಕ. ಹೀಗೆ ಟನ್ನಿಗೆ ಸುಮಾರು 40 ಕಿಲೋಗ್ರಾಂ, ದಿನದ 5 ಟನ್ನಿಗೆ 200 ಕಿಲೋಗ್ರಾಂ ಮೀಥೇನ್ ಮುಂದಿನ ವರ್ಷಗಳಲ್ಲಿ ಹೊರಬೀಳುತ್ತದೆ. ಒಂದು ವರ್ಷದ ಕಸಕ್ಕೆ 73 ಟನ್. ರಾಸಿಗೆ 27 ಕಿಲೋಗ್ರಾಮಿನಂತೆ ಇದು ಸುಮಾರು 2,700 ದನಗಳ ತೇಗಿಗೆ ಸಮ. ಎರಡು ರಾಸುಗಳಿರುವ 1,350 ರೈತ ಕುಟುಂಬಗಳ ಕೊಟ್ಟಿಗೆಯಲ್ಲಿ ಕಷ್ಟಪಟ್ಟು ಸಾಧಿಸಬೇಕಾದುದಕ್ಕಿಂತ ಎಷ್ಟೋ ಹೆಚ್ಚನ್ನು ಒಂದು ವಾರ್ಡಿನ ಒಂದು ಘಟಕ ಸಾಧಿಸಬಲ್ಲದು. ಏಕೆಂದರೆ ಪೂರಕ ಮೇವು ತಗ್ಗಿಸುವುದು ಐದನೇ ಒಂದು ಭಾಗವನ್ನು ಮಾತ್ರ.

ಈ ಘಟಕಗಳ ನಡಿಗೆ ಲೆಕ್ಕದಷ್ಟು ಸುಗಮವಾಗಿರಲಿಲ್ಲ. ಹಲವು ಘಟಕಗಳು ಪೂರ್ಣ ಸಾಮರ್ಥ್ಯಕ್ಕಿಂತ ಕೆಳಗೆ ನಡೆದವು, ಕೆಲವು ದೀರ್ಘಕಾಲ ನಿಂತವು. ಕಾರಣಗಳು ಪರಿಚಿತವೇ. ಪ್ಲಾಸ್ಟಿಕ್ಕು, ಗಾಜು, ಎಳನೀರು ಬುರುಡೆಗಳು ಬೆರೆತ ಕಸ ಅರೆಯುವ ಯಂತ್ರವನ್ನು ಕೆಡಿಸುತ್ತದೆ. ಹುದುಗುವ ತೊಟ್ಟಿಯ ಸೂಕ್ಷ್ಮಜೀವಿಗಳಿಗೆ ದನದ ಹೊಟ್ಟೆಯಂತೆಯೇ ನಿಯಮಿತವಾದ, ಹದವಾದ ಆಹಾರ ಬೇಕು. ಒಂದು ದಿನ ಇಲ್ಲದೆ, ಮರುದಿನ ಮಿತಿಮೀರಿ ಸುರಿದರೆ ಹುಳಿಯೇರಿ ಅನಿಲ ನಿಲ್ಲುತ್ತದೆ. ಹುಟ್ಟಿದ ವಿದ್ಯುತ್ತಿಗೂ ಬಗ್ಗಡಕ್ಕೂ ಖಚಿತವಾದ ಗಿರಾಕಿ ಇಲ್ಲದಿದ್ದರೆ ಘಟಕ ನಡೆಸುವ ಉತ್ಸಾಹ ಉಳಿಯದು. ಎಲ್ಲಕ್ಕೂ ಮಿಗಿಲಾಗಿ ಗುತ್ತಿಗೆದಾರನಿಗೆ ಸಂದಾಯವಾಗುವುದು ಸಾಗಿಸಿದ ಕಸದ ತೂಕಕ್ಕೆ ತಕ್ಕಂತೆ ಆದಾಗ, ಕಸ ದೂರ ಹೋದಷ್ಟೂ ಅವನಿಗೆ ಲಾಭ. ಪುರದಲ್ಲಿ ಸಗಣಿ ತಂದವಳಿಗೆ ಎರಡು ಪೈಸೆ ಸಿಕ್ಕಿತ್ತು. ಮತ್ತಿಕೆರೆಯಂಥ ವಾರ್ಡಿನಲ್ಲಿ ಹಸಿ ಕಸವನ್ನು ಶುದ್ಧವಾಗಿ ಬೇರ್ಪಡಿಸಿ ಕೊಡುವ ಗೃಹಿಣಿಗಾಗಲಿ ಅದನ್ನು ಕೈಯಾರೆ ಆರಿಸುವ ಪೌರಕಾರ್ಮಿಕರಿಗಾಗಲಿ ಅಂಥ ಪ್ರತಿಫಲದ ಏರ್ಪಾಡು ಇರಲಿಲ್ಲ. 2025ರಲ್ಲಿ ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಆಡಳಿತದ ಹೆಸರು ಬದಲಾದರೂ ಈ ಪ್ರಶ್ನೆ ಬದಲಾಗಿಲ್ಲ.

ರಾಷ್ಟ್ರಮಟ್ಟದ ಯೋಜನೆಗಳು

ಭಾರತ 2004ರಲ್ಲಿಯೇ 14 ದೇಶಗಳ ‘ಮೀಥೇನ್ ಟು ಮಾರ್ಕೆಟ್ಸ್’ ಸಹಭಾಗಿತ್ವದ ಸ್ಥಾಪಕ ಸದಸ್ಯವಾಗಿತ್ತು. 2010ರಲ್ಲಿ ಅದು ‘ಜಾಗತಿಕ ಮೀಥೇನ್ ಉಪಕ್ರಮ’ವಾಯಿತು. ಕಲ್ಲಿದ್ದಲ ಪದರಗಳ ಮೀಥೇನನ್ನು ಇಂಧನವಾಗಿ ತೆಗೆಯುವ ನೀತಿ 1997ರದು. ಕಲ್ಲಿದ್ದಲ ಗಣಿಗಳಿಲ್ಲದ ಕರ್ನಾಟಕಕ್ಕೆ ಅದರ ಸಂಬಂಧ ಕಡಿಮೆ. 2018ರಲ್ಲಿ ಬಂದ ‘ಗೋಬರ್-ಧನ್’ ಮತ್ತು ‘ಸತತ್’ ಯೋಜನೆಗಳು ಸಗಣಿ, ಕೃಷಿ ತ್ಯಾಜ್ಯ, ನಗರದ ಹಸಿ ಕಸಗಳಿಂದ ಸಂಕುಚಿತ ಜೈವಿಕ ಅನಿಲ ತಯಾರಿಸಿ ವಾಹನಗಳಿಗೆ ಒದಗಿಸುವ ಗುರಿ ಹೊಂದಿವೆ. ‘ಸತತ್’ ಯೋಜನೆಯಲ್ಲಿ 5,000 ಘಟಕಗಳನ್ನು ಉದ್ದೇಶಿಸಲಾಯಿತು. ತೈಲ ಕಂಪನಿಗಳು ಅನಿಲವನ್ನು ಕೊಳ್ಳುವ ಭರವಸೆ ನೀಡಿದ್ದು ಇದರ ಹೊಸತನ. ಗಿರಾಕಿಯಿಲ್ಲದೆ ಘಟಕ ಉಳಿಯದೆಂಬ ಹಳೆಯ ಪಾಠ ಇಲ್ಲಿ ನೀತಿಯಾಯಿತು. 2022ರ ಆಗಸ್ಟಿನಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ವಾಯುಗುಣ ಬದ್ಧತೆಯಲ್ಲಿ ಮಾತ್ರ ಮೀಥೇನಿಗೆ ಪ್ರತ್ಯೇಕ ಗುರಿಯಿರಲಿಲ್ಲ.

ಮಾಪನದಲ್ಲಿಯೂ ಕಾಲ ಬದಲಾಗಿದೆ. 2017ರಲ್ಲಿ ಹಾರಿದ ಯುರೋಪಿನ ಉಪಗ್ರಹದ ಟ್ರೊಪೋಮಿ ಉಪಕರಣ ಹಾಗೂ ಇನ್ನೂ ಸೂಕ್ಷ್ಮವಾದ ಉಪಗ್ರಹ ಚಿತ್ರಗಳನ್ನು ಬಳಸಿ, ದೆಹಲಿ, ಮುಂಬಯಿ, ಲಾಹೋರ್, ಬ್ಯೂನಸ್ ಐರಿಸ್ ನಗರಗಳ ಕಸದ ಗುಡ್ಡಗಳಿಂದೇಳುವ ಮೀಥೇನನ್ನು ವಿಜ್ಞಾನಿಗಳು ಗುರುತಿಸಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಈ ನಗರಗಳ ಉತ್ಸರ್ಜನೆ ಬಳಕೆಯಲ್ಲಿರುವ ಅಂದಾಜುಗಳ 1.4ರಿಂದ 2.6 ಪಟ್ಟು. 1991ರಲ್ಲಿ ನೆಲದ ಮಾಪನ ಭಾರತದ ಗದ್ದೆಗಳನ್ನು ಆರೋಪದಿಂದ ಬಿಡಿಸಿತು. 2022ರಲ್ಲಿ ಆಕಾಶದ ಮಾಪನ ನಗರಗಳ ಕಸದ ಗುಡ್ಡಗಳನ್ನು ತೋರಿಸಿಕೊಟ್ಟಿತು. ಮೊದಲನೆಯದನ್ನು ಸ್ವಾಗತಿಸಿದವರು ಎರಡನೆಯದನ್ನು ಅಲ್ಲಗಳೆಯಲಾಗದು. ಮತ್ತಿಕೆರೆಗೆ ಅನತಿದೂರದ ಅಂತರಿಕ್ಷ ಭವನದಿಂದ ನಡೆಯುವ ಬಾಹ್ಯಾಕಾಶ ಕಾರ್ಯಕ್ರಮ ನಮ್ಮ ನಗರಗಳ ಮೀಥೇನನ್ನು ನಮ್ಮ ಉಪಗ್ರಹಗಳಿಂದಲೇ ಅಳೆಯುವಂತಾದರೆ ಲೆಕ್ಕದ ವಿಷಯದಲ್ಲಿ ಇನ್ನೊಬ್ಬರನ್ನು ಅವಲಂಬಿಸುವ ಅಗತ್ಯ ಇರದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಮೀಥೇನ್ ತಗ್ಗಿದ ಕಡೆಯಲ್ಲೆಲ್ಲ ಅದನ್ನು ಕೈಯಾಡಿಸುವವರಿಗೆ ಏನಾದರೊಂದು ಪ್ರಯೋಜನ ದೊರೆತಿದೆ: ಪುರದಲ್ಲಿ ದೀಪ ಮತ್ತು ನೀರು, ಶಿರಸಿಯಲ್ಲಿ ತೋಟದ ಗೊಬ್ಬರ, ತುಂಗಭದ್ರೆಯ ಬಯಲಿನಲ್ಲಿ ಕೂಲಿಯ ಉಳಿತಾಯ. ಪ್ರಯೋಜನವಿಲ್ಲದೆ ಕರ್ತವ್ಯವನ್ನಷ್ಟೇ ಹೊರಿಸಿದ ಕಡೆ ಯಂತ್ರಗಳು ನಿಂತಿವೆ.

ಎರಡನೆಯದಾಗಿ, ಬದುಕಿಗೆ ಅನಿವಾರ್ಯವಾದ ಉತ್ಸರ್ಜನೆ ಎಂಬ ವಾದ ರೈತನ ಗದ್ದೆ ಮತ್ತು ದನಗಳ ಮಟ್ಟಿಗೆ ನ್ಯಾಯಸಮ್ಮತವಾದುದು, ಅದನ್ನು ಬಿಟ್ಟುಕೊಡಬೇಕಾಗಿಲ್ಲ. ಆದರೆ ಬೆರೆಸಿ ಎಸೆದ ಅನ್ನ, ತರಕಾರಿ ಸಿಪ್ಪೆಗಳು ಮಾವಳ್ಳಿಪುರದಂಥ ಊರುಗಳಲ್ಲಿ ಕೊಳೆತು ಬಿಡುವ ಮೀಥೇನ್ ಯಾರ ಬದುಕಿಗೂ ಅನಿವಾರ್ಯವಲ್ಲ. ಅದು ಆ ಊರುಗಳ ಬದುಕಿಗೆ ಕಂಟಕ. ದೇಶದ ಮೀಥೇನಿನಲ್ಲಿ ತ್ಯಾಜ್ಯದ ಪಾಲು ಏಳನೇ ಒಂದರಷ್ಟು. ರೈತನ ಹೆಸರಿನಲ್ಲಿ ಕಟ್ಟಿದ ವಾದದ ಮರೆಯಲ್ಲಿ ನಗರದ ನಿರ್ಲಕ್ಷ್ಯ ಅಡಗಬಾರದು. ಭಾರತ ಅಂತರರಾಷ್ಟ್ರೀಯ ಪ್ರತಿಜ್ಞೆಗೆ ಸಹಿ ಹಾಕಲಿ ಬಿಡಲಿ, ಕಸದ ಮೀಥೇನಿಗೆ ತನ್ನದೇ ಆದ ಪ್ರತ್ಯೇಕ ಗುರಿ, ಪ್ರತ್ಯೇಕ ಲೆಕ್ಕ ಮತ್ತು ಹಸಿ ಕಸವನ್ನು ಶುದ್ಧವಾಗಿ ಒದಗಿಸುವವರಿಗೆ ಪ್ರತಿಫಲದ ವ್ಯವಸ್ಥೆಯನ್ನು ರೂಪಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಬೇಕಾದ ವಿದ್ಯೆ ಕುಣಿಗಲ್ಲಿನ ಒಂದು ಹಳ್ಳಿಯಲ್ಲಿ 1987ರಲ್ಲಿಯೇ ಸಿದ್ಧಪಟ್ಟಿದೆ.